ಮಧುಮೇಹ ಮತ್ತು ಮಾಜಿ ಸೈನಿಕರ ಅಂಗವೈಕಲ್ಯ ಪಿಂಚಣಿ

ಭರ್ತಿಯಾಗುವಾಗ ಗಟ್ಟಿಮುಟ್ಟಾಗಿದ್ದು, ಸೇವೆಯಲ್ಲಿರುವಾಗ ಸಕ್ಕರೆ ಕಾಯಿಲೆಗೆ ತುತ್ತಾದ ಸೈನಿಕರಿಗೆ ಮಾಮೂಲಿ ಪಿಂಚಣಿಯ ಮೇಲೆ ಸಿಗಬಹುದಾದ ಹೆಚ್ಚುವರಿ ಹಣವೇ ಅಂಗವೈಕಲ್ಯ ಪಿಂಚಣಿ. ಭಾರತದ ಸೈನಿಕ ಪಿಂಚಣಿ ವ್ಯಾಜ್ಯಗಳಲ್ಲಿ ರಕ್ತದೊತ್ತಡದ ಜೊತೆಗೆ ಮಧುಮೇಹದ ಹೆಸರೂ ಮತ್ತೆ ಮತ್ತೆ ಕೇಳಿಬರುತ್ತದೆ. ಗುಂಡೇಟಿಗೆ ತಾರೀಖು, ಜಾಗ, ಸಾಕ್ಷಿ ಎಲ್ಲವೂ ಇರುತ್ತವೆ. ಮಧುಮೇಹ ಯಾವತ್ತು ಶುರುವಾಯಿತೆಂದು ರೋಗಿಗೂ ಗೊತ್ತಿರುವುದಿಲ್ಲ. ವ್ಯಾಜ್ಯವೆಲ್ಲ ಹುಟ್ಟುವುದು ಇಲ್ಲಿಂದಲೇ.

ಈ ವ್ಯವಸ್ಥೆ ಹಳ್ಳಿಯ ಮನೆಗೆ ಹೇಗೆ ತಲುಪುತ್ತದೆಂಬುದನ್ನು ಕಣೇಕಲ್ಲಿನಂಥ ಗಡಿಯೂರಿನಿಂದ ನೋಡಬಹುದು. ವೇದಾವತಿ ಅಥವಾ ಹಗರಿ ಹೊಳೆಯ ಸೀಮೆಯ ಈ ಊರು ಇರುವ ರಾಯದುರ್ಗ ತಾಲ್ಲೂಕು ಮೊದಲು ಬಳ್ಳಾರಿ ಜಿಲ್ಲೆಯ ಭಾಗವಾಗಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿದಾಗ ರಾಯದುರ್ಗ ಆಂಧ್ರಕ್ಕೆ ಸೇರಿ ಅನಂತಪುರ ಜಿಲ್ಲೆಗೆ ಹೋಯಿತು. ಇಂಥದೇ ಇನ್ನೊಂದು ಗಡಿಯೂರು ಮಡಕಶಿರಾ 2022ರ ಏಪ್ರಿಲ್ 4ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಈ ಊರುಗಳ ಕನ್ನಡ ಮನೆಗಳವರು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ತೆಲುಗಿನಲ್ಲಿ ವ್ಯವಹರಿಸುತ್ತಾರೆ, ಮೆಡಿಕಲ್ ಬೋರ್ಡಿನ ಕಾಗದವನ್ನು ಇಂಗ್ಲಿಷಿನಲ್ಲಿ ಪಡೆಯುತ್ತಾರೆ. ಪಿಂಚಣಿ ಮಂಜೂರಾತಿಯ ಮುಖ್ಯ ಕಚೇರಿ ಪ್ರಯಾಗ್‌ರಾಜ್‌ನಲ್ಲಿದೆ. ದಾಖಲೆ ಕಚೇರಿ ಆಯಾ ರೆಜಿಮೆಂಟನ್ನು ಅವಲಂಬಿಸಿ ಬೆಂಗಳೂರು, ಸಿಕಂದರಾಬಾದ್, ವೆಲ್ಲಿಂಗ್ಟನ್ ಅಥವಾ ನಾಸಿಕದಲ್ಲಿರಬಹುದು. ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ವ್ಯಾಪ್ತಿಯನ್ನೂ ರಾಜ್ಯದ ಗಡಿಯೇ ತೀರ್ಮಾನಿಸಿದೆ. ಕಣೇಕಲ್ಲು, ಮಡಕಶಿರಾದವರು ಚೆನ್ನೈ ಪೀಠದ ವ್ಯಾಪ್ತಿಗೆ ಬಂದರೆ, ನೆರೆಯ ಬಳ್ಳಾರಿ, ಪಾವಗಡದವರು ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತಾರೆ.

ಪಿಂಚಣಿ ಸಿಗಲು ಎರಡು ಷರತ್ತುಗಳಿವೆ. ಕಾಯಿಲೆ ಸೇವೆಯಿಂದ ಬಂದಿರಬೇಕು ಅಥವಾ ಸೇವೆಯಿಂದ ಉಲ್ಬಣಿಸಿರಬೇಕು. ಜೊತೆಗೆ ಅಂಗವೈಕಲ್ಯ ಕನಿಷ್ಠ ಶೇ. 20 ಎಂದು ಬೋರ್ಡ್ ಅಳೆದಿರಬೇಕು. 1961ರ ಸೇನಾ ಪಿಂಚಣಿ ನಿಯಮಾವಳಿಯ 173ನೇ ನಿಯಮ ಇದರ ಮೂಲ. 1982ರ ಅರ್ಹತಾ ನಿಯಮಗಳು ಸೈನಿಕನ ಪರವಾಗಿ ಒಂದು ದೊಡ್ಡ ಆಸರೆ ಕೊಟ್ಟವು. ಭರ್ತಿಯ ವೇಳೆ ಕಾಯಿಲೆಯ ದಾಖಲೆ ಇಲ್ಲದಿದ್ದರೆ ಆತ ಆಗ ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕು, ರುಜುವಾತಿನ ಹೊಣೆ ಸೈನಿಕನದಲ್ಲ, ಅನುಮಾನವಿದ್ದರೆ ಅದರ ಲಾಭ ಅವನಿಗೇ ಸಲ್ಲಬೇಕು.

ನಿವೃತ್ತಿಗೆ ಮುನ್ನ ರಿಲೀಸ್ ಮೆಡಿಕಲ್ ಬೋರ್ಡ್ ತುಂಬುವ ಎಎಫ್‌ಎಂಎಸ್‌ಎಫ್-16 ನಮೂನೆಯೇ ಈ ವಿಷಯದ ಹೃದಯ. ಕಾಯಿಲೆ ಮೊದಲು ಎಲ್ಲಿ, ಯಾವಾಗ ಕಾಣಿಸಿತು, ಸೇವೆಗೆ ಮೊದಲೇ ಇತ್ತೇ, ಸೇವೆಯಿಂದ ಬಂತೇ, ಉಲ್ಬಣಿಸಿತೇ, ಸಂಬಂಧವೇ ಇಲ್ಲವೇ, ಹಾಗೆನ್ನಲು ಕಾರಣವೇನು ಎಂಬ ಪ್ರಶ್ನೆಗಳಿಗೆಲ್ಲ ಅದರಲ್ಲಿ ಉತ್ತರ ಬರೆಯಬೇಕು. ಮಧುಮೇಹಿಗಳ ನಮೂನೆಯಲ್ಲಿ ಕಾರಣದ ಜಾಗದಲ್ಲಿ ಬಹಳ ಸಲ ಕಾಣುವುದು ಒಂದೇ ಸಾಲಿನ ಉತ್ತರ: ಶಾಂತಿ ಪ್ರದೇಶದಲ್ಲಿ ಆರಂಭ, ಸೇವೆಗೆ ಸಂಬಂಧವಿಲ್ಲ. ಸೈನಿಕರ ಬಾಯಲ್ಲಿ ಇದು ‘ನಾನಾ ಆಯ್ತು’; ಬರುವಿಕೆಯೂ ಇಲ್ಲ, ಉಲ್ಬಣವೂ ಇಲ್ಲ ಎಂಬ ಇಂಗ್ಲಿಷ್ ಮಾತಿನ ಮೊದಲಕ್ಷರಗಳಿಂದ ಬಂದ ಹೆಸರು.

ಬೋರ್ಡಿನ ವೈದ್ಯರಿಗೆ ದಾರಿ ತೋರುವುದು ಸೈನಿಕ ಪಿಂಚಣಿಗಳ ಕುರಿತ ವೈದ್ಯಾಧಿಕಾರಿಗಳ ಕೈಪಿಡಿ. ಅದರ 2008ರ ಆವೃತ್ತಿ 26ನೇ ಪರಿಚ್ಛೇದದಲ್ಲಿ ಮಧುಮೇಹವನ್ನು ಚರ್ಚಿಸುತ್ತದೆ. ಫೀಲ್ಡ್ ಪ್ರದೇಶ, ಬಂಡಾಯ ನಿಗ್ರಹ ಕಾರ್ಯಾಚರಣೆ, ಅತಿ ಎತ್ತರದ ಪ್ರದೇಶ ಅಥವಾ ದೀರ್ಘಕಾಲದ ಹಡಗುವಾಸದಲ್ಲಿದ್ದಾಗ ಎರಡನೇ ಬಗೆಯ ಮಧುಮೇಹ ಆರಂಭವಾದರೆ ಉಲ್ಬಣವನ್ನು ಒಪ್ಪಬೇಕೆನ್ನುತ್ತದೆ. ಸೇವೆಯ ಒತ್ತಡವೂ ಕಾಯಿಲೆಯನ್ನು ಹೊರಗೆಡಹುತ್ತದೆಂಬ ಮಾತು ಅಲ್ಲಿದೆ. ಮದ್ಯದಿಂದ ಮೇದೋಜೀರಕ ಗ್ರಂಥಿ ಕೆಟ್ಟು ಬಂದ ಮಧುಮೇಹಕ್ಕೆ ಈ ರಿಯಾಯಿತಿಯಿಲ್ಲ.

ಇಲ್ಲಿ ವೈದ್ಯಶಾಸ್ತ್ರ ಹೇಳುವುದನ್ನು ಕಡತ ಕೇಳಿಸಿಕೊಳ್ಳುತ್ತಿಲ್ಲ. ಎರಡನೇ ಬಗೆಯ ಮಧುಮೇಹ ಪತ್ತೆಯಾಗುವ ಹೊತ್ತಿಗೆ ಒಳಗೊಳಗೇ ವರ್ಷಗಟ್ಟಲೆ ಬೆಳೆದಿರಬಹುದು. ಪತ್ತೆಯಾದ ದಿನವೇ ಕೆಲವರ ಕಣ್ಣಿನ ಹಿಂಪರದೆಯಲ್ಲಿ ಹಾನಿ ಕಾಣುತ್ತದೆ. ಲಡಾಖಿನಲ್ಲೋ ಈಶಾನ್ಯದ ಕಾಡಿನಲ್ಲೋ ಎರಡು ವರ್ಷ ಕಳೆದು ಬೆಂಗಳೂರಿಗೋ ಸಿಕಂದರಾಬಾದಿಗೋ ವರ್ಗವಾಗಿ ಬಂದವನ ವಾರ್ಷಿಕ ತಪಾಸಣೆಯಲ್ಲಿ ಶುಗರ್ ಸಿಕ್ಕರೆ, ಅದು ಸಿಕ್ಕ ಜಾಗ ಶಾಂತಿ ಪ್ರದೇಶ, ಆದರೆ ಹುಟ್ಟಿದ ಜಾಗ ಅದೇ ಆಗಿರಬೇಕಿಲ್ಲ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ, ಕಣ್ಣಿನ ವರದಿ, ಹಿಂದಿನ ತಪಾಸಣೆಗಳ ಫಲಿತಾಂಶ, ಪೋಸ್ಟಿಂಗ್ ಪಟ್ಟಿ ಇವನ್ನು ಒಟ್ಟಿಗಿಟ್ಟು ನೋಡಿದರಷ್ಟೇ ಕಾಯಿಲೆಯ ವಯಸ್ಸು ಅಂದಾಜಿಗೆ ಸಿಗುತ್ತದೆ. ಮನೆತನದಲ್ಲಿ ಸಕ್ಕರೆ ಕಾಯಿಲೆ ಇದ್ದವರಿಗೆ ಅದು ಹೇಗೂ ಬರುತ್ತಿತ್ತು ಎಂಬ ವಾದಕ್ಕೆ ತೂಕವಿಲ್ಲವೆಂದಲ್ಲ. ದಕ್ಷಿಣ ಏಷ್ಯಾದವರಲ್ಲಿ ಇದು ಚಿಕ್ಕ ವಯಸ್ಸಿಗೇ, ತೆಳ್ಳಗಿರುವವರಿಗೂ ಬರುವುದುಂಟು. ಆದರೆ ನಿದ್ದೆಗೆಟ್ಟ ಕಾವಲು, ಹೊತ್ತಲ್ಲದ ಹೊತ್ತಿನ ಊಟ, ತಿಂಗಳುಗಟ್ಟಲೆಯ ಆತಂಕ ಇವೂ ರಕ್ತದ ಸಕ್ಕರೆಯನ್ನು ಏರಿಸುತ್ತವೆ. ಉಲ್ಬಣ ಎಂಬ ಕಲಮು ಇರುವುದೇ ಇಂಥವರಿಗಾಗಿ.

ಹಣದ ಲೆಕ್ಕ ಹೀಗಿದೆ. ಶೇ. 100 ಅಂಗವೈಕಲ್ಯಕ್ಕೆ ಕೊನೆಯ ವೇತನದ ಶೇ. 30 ಸಲ್ಲುತ್ತದೆ. ವೇತನ 40,000 ರೂಪಾಯಿ ಎಂದುಕೊಂಡರೆ ಅದು 12,000. ಶೇ. 20 ಅಂಗವೈಕಲ್ಯಕ್ಕೆ 2,400 ರೂಪಾಯಿ. 2001ರ ಜನವರಿ 31ರ ಆದೇಶದಂತೆ, 50ಕ್ಕಿಂತ ಕಡಿಮೆಯಿರುವುದನ್ನು 50ಕ್ಕೆ, 50ರಿಂದ 75ರವರೆಗಿನದನ್ನು 75ಕ್ಕೆ, ಅದಕ್ಕೂ ಮೇಲಿನದನ್ನು 100ಕ್ಕೆ ಏರಿಸುವ ಪದ್ಧತಿ ಬಂತು. ಹಾಗಾಗಿ 2,400 ಇದ್ದದ್ದು 6,000 ಆಗುತ್ತದೆ. ಈ ಏರಿಕೆ ಕಾಯಿಲೆಯಿಂದ ಸೇವೆ ಬಿಡಬೇಕಾಗಿ ಬಂದವರಿಗಷ್ಟೇ ಎಂದು ಸರ್ಕಾರ ವಾದಿಸಿತ್ತು. ಅವಧಿ ಮುಗಿಸಿ ಬಂದವರಿಗೂ ಅದು ಸಲ್ಲುತ್ತದೆಂದು ಸುಪ್ರೀಂ ಕೋರ್ಟ್ 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಪ್ರಕರಣದಲ್ಲಿ ತೀರ್ಪಿತ್ತಿತು. ಆದರೆ ಅವಧಿ ಮುಗಿಸಿದವರನ್ನು ಬೋರ್ಡ್ ಶೇ. 20ಕ್ಕಿಂತ ಕೆಳಗೆ ಅಳೆದಿದ್ದರೆ ಏನೂ ಸಿಗದು ಎಂದು 2019ರಲ್ಲಿ ಎಸ್.ಪಿ. ರಾಥೋಡ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿತು. ಬೋರ್ಡಿನ ಕೋಣೆಯಲ್ಲಿ ಬರೆಯುವ 15 ಮತ್ತು 20ರ ನಡುವೆ ತಿಂಗಳಿಗೆ ಇಷ್ಟೊಂದು ಅಂತರವಿದೆ.

ಅರ್ಜಿ ತಿರಸ್ಕೃತವಾದರೆ ಮೊದಲ ಮೇಲ್ಮನವಿ ಸಮಿತಿ, ಬಳಿಕ ಎರಡನೇ ಮೇಲ್ಮನವಿ ಸಮಿತಿ. ಎರಡೂ ಇಲಾಖೆಯೊಳಗಿನವೇ. ಆಮೇಲೆ 2007ರ ಕಾಯ್ದೆಯಡಿ ರೂಪುಗೊಂಡು 2009ರ ಆಗಸ್ಟ್‌ನಲ್ಲಿ ಕೆಲಸ ಆರಂಭಿಸಿದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಅಂತಿಮ ಆದೇಶ ಬಂದ ಆರು ತಿಂಗಳೊಳಗೆ ಅಲ್ಲಿಗೆ ಹೋಗಬೇಕು. ಇಲಾಖೆ ಆರು ತಿಂಗಳು ಉತ್ತರಿಸದಿದ್ದರೂ ಬಾಗಿಲು ತೆರೆದಿರುತ್ತದೆ. ತಡವಾದುದನ್ನು ನ್ಯಾಯಮಂಡಳಿ ಮನ್ನಿಸಬಹುದು. ಆದರೆ 2008ರ ತರ್ಸೇಮ್ ಸಿಂಗ್ ತೀರ್ಪಿನ ಆಧಾರದಲ್ಲಿ ಬಾಕಿ ಹಣವನ್ನು ಸಾಮಾನ್ಯವಾಗಿ ಅರ್ಜಿಗೆ ಹಿಂದಿನ ಮೂರು ವರ್ಷಗಳಿಗೆ ಸೀಮಿತಗೊಳಿಸುತ್ತಾ ಬರಲಾಗಿದೆ. ಹತ್ತು ವರ್ಷ ಸುಮ್ಮನಿದ್ದವರಿಗೆ ಇದರಿಂದ ಏಳು ವರ್ಷದ ನಷ್ಟ. ನ್ಯಾಯಮಂಡಳಿಯ ಆದೇಶವನ್ನು ಹೈಕೋರ್ಟಿನಲ್ಲಿ ರಿಟ್ ಮೂಲಕ ಪ್ರಶ್ನಿಸಬಹುದೆಂದು 2023ರ ಮಾರ್ಚ್ 21ರಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಈ ದಾರಿಯನ್ನು ಸರ್ಕಾರವೂ ಹಿಡಿಯುವುದರಿಂದ, ಗೆದ್ದ ಸೈನಿಕ ಮತ್ತೆ ಕೋರ್ಟಿಗೆ ಅಲೆಯಬೇಕಾಗುತ್ತದೆ. ಇಂಥ ಮೇಲ್ಮನವಿಗಳನ್ನು ಕಡಿಮೆ ಮಾಡುವಂತೆ ರಕ್ಷಣಾ ಸಚಿವರು ನೇಮಿಸಿದ್ದ ತಜ್ಞರ ಸಮಿತಿ 2015ರಲ್ಲೇ ಶಿಫಾರಸು ಮಾಡಿತ್ತು.

ಈ ವ್ಯಾಜ್ಯಗಳ ದಿಕ್ಕು ಬದಲಿಸಿದ್ದು ಧರ್ಮವೀರ್ ಸಿಂಗ್ ಪ್ರಕರಣದ 2013ರ ಜುಲೈ 2ರ ತೀರ್ಪು. ಅದರ ಕಾಯಿಲೆ ಅಪಸ್ಮಾರ, ಮಧುಮೇಹವಲ್ಲ. ಆದರೂ ಬೋರ್ಡ್ ಕಾರಣ ಬರೆಯಲೇಬೇಕು, ಬರೆಯದಿದ್ದರೆ ಅನುಮಾನದ ಲಾಭ ಸೈನಿಕನಿಗೆ ಎಂಬ ಅದರ ತತ್ವ ಮಧುಮೇಹಿಗಳ ಅರ್ಜಿಗಳಿಗೆ ಬೆನ್ನೆಲುಬಾಯಿತು. ಅದಕ್ಕೆ ಮುಂಚೆ, 2009ರ ದಾಮೋದರನ್ ತೀರ್ಪು ಬೋರ್ಡಿನ ಅಭಿಪ್ರಾಯಕ್ಕೇ ಅಗ್ರಸ್ಥಾನ ಕೊಟ್ಟಿತ್ತು. 2019ರ ನರಸಿಂಗ್ ಯಾದವ್ ತೀರ್ಪು, ಭರ್ತಿಯಾಗುವಾಗ ಆರೋಗ್ಯವಂತನಾಗಿದ್ದನೆಂಬ ಭಾವನೆ ಎಲ್ಲ ಕಾಯಿಲೆಗೂ ಕಣ್ಣುಮುಚ್ಚಿ ಅನ್ವಯಿಸದು ಎಂದಿತು. ನೇರವಾಗಿ ಮಧುಮೇಹದ ಪ್ರಶ್ನೆಯೇ ಎದುರಾದದ್ದು ದೆಹಲಿ ಹೈಕೋರ್ಟಿನ 2025ರ ಮಾರ್ಚ್ 27ರ ತೀರ್ಪಿನಲ್ಲಿ. ಶಾಂತಿ ಪ್ರದೇಶದಲ್ಲಿ ಕಾಣಿಸಿಕೊಂಡಿತು ಎಂಬುದಷ್ಟರಿಂದಲೇ ಸೇವೆಗೆ ಸಂಬಂಧವಿಲ್ಲ ಎನ್ನಲಾಗದು, ಸೇವೆಯಲ್ಲದೆ ಬೇರೇನು ಕಾರಣವೆಂದು ಬೋರ್ಡೇ ತೋರಿಸಬೇಕು ಎಂದು ನ್ಯಾಯಾಲಯ ಹೇಳಿತು. ನಿವೃತ್ತ ಸುಬೇದಾರರೊಬ್ಬರ ಪರವಾಗಿದ್ದ ನ್ಯಾಯಮಂಡಳಿಯ ಆದೇಶ ಉಳಿಯಿತು.

ಅಮೆರಿಕದಲ್ಲಿ ಈ ರುಜುವಾತಿನ ಜಗ್ಗಾಟ ಒಂದು ವರ್ಗಕ್ಕೆ ಪೂರ್ತಿ ತಪ್ಪಿದೆ. ವಿಯೆಟ್ನಾಂನಲ್ಲಿ ಏಜೆಂಟ್ ಆರೆಂಜ್ ಕಳೆನಾಶಕಕ್ಕೆ ಒಡ್ಡಿಕೊಂಡವರ ಎರಡನೇ ಬಗೆಯ ಮಧುಮೇಹವನ್ನು 2001ರಿಂದ ಸೇವೆಯಿಂದಲೇ ಬಂದದ್ದೆಂದು ಒಪ್ಪಲಾಗುತ್ತಿದೆ. ಭಾರತದ 2023ರ ಹೊಸ ಅರ್ಹತಾ ನಿಯಮಗಳು ಆ ವರ್ಷದ ಸೆಪ್ಟೆಂಬರ್ 21ರಿಂದ ಮುಂದಿನ ಪ್ರಕರಣಗಳಿಗೆ ಅನ್ವಯ. ಅದಕ್ಕೆ ಮೊದಲು ನಿವೃತ್ತರಾದವರ ಅರ್ಜಿಗಳನ್ನು ಮೇಲೆ ಹೇಳಿದಂಥ ಹಳೆಯ ನಿಯಮಗಳಡಿಯಲ್ಲೇ ನೋಡಬೇಕು.

ಸೈನಿಕನ ಬಳಿಕ ಈ ಪ್ರಶ್ನೆ ಅವನ ಹೆಂಡತಿಯದಾಗುತ್ತದೆ. ಸಾಮಾನ್ಯ ಕುಟುಂಬ ಪಿಂಚಣಿ ವೇತನದ ಶೇ. 30. ಸೇವೆಯಿಂದ ಬಂದ ಅಥವಾ ಉಲ್ಬಣಿಸಿದ ಕಾಯಿಲೆಯಿಂದಲೇ ಸಾವಾಗಿದ್ದರೆ ವಿಶೇಷ ಕುಟುಂಬ ಪಿಂಚಣಿ ಶೇ. 60. ಮಧುಮೇಹಿಗಳು ಕೊನೆಗೆ ಹೃದಯಾಘಾತದಿಂದಲೋ ಮೂತ್ರಪಿಂಡ ವೈಫಲ್ಯದಿಂದಲೋ ತೀರಿಕೊಳ್ಳುವುದು ಹೆಚ್ಚು. ಮರಣ ಕಾರಣದ ಪ್ರಮಾಣಪತ್ರದಲ್ಲಿ ತಕ್ಷಣದ ಕಾರಣ, ಅದರ ಹಿಂದಿನ ಕಾರಣ, ಜೊತೆಗಿದ್ದ ಕಾಯಿಲೆಗಳು ಎಂದು ಬೇರೆ ಬೇರೆ ಸಾಲುಗಳಿವೆ. ಆಸ್ಪತ್ರೆಯಲ್ಲಿ ತೀರಿಕೊಂಡರೆ 4ನೇ ನಮೂನೆ, ಮನೆಯಲ್ಲಾದರೆ 4ಎ. ಊರಿನ ವೈದ್ಯರು ಮೊದಲ ಸಾಲಿನಲ್ಲಿ ಹೃದಯಾಘಾತವೆಂದಷ್ಟೇ ಬರೆದು ಮಧುಮೇಹವನ್ನು ಬಿಟ್ಟರೆ, ಬೋರ್ಡ್ ಒಪ್ಪಿದ್ದ ಕಾಯಿಲೆಗೂ ಸಾವಿಗೂ ನಡುವಿನ ಕೊಂಡಿ ಕಳಚುತ್ತದೆ. ಡಿಸ್ಚಾರ್ಜ್ ಪುಸ್ತಕ, ಬೋರ್ಡಿನ ನಕಲು, ಚಿಕಿತ್ಸೆಯ ಚೀಟಿಗಳನ್ನು ಆ ಹೊತ್ತಿಗೆ ವೈದ್ಯರ ಮುಂದಿಟ್ಟು ಆ ಸಾಲುಗಳನ್ನು ಸರಿಯಾಗಿ ತುಂಬಿಸಿಕೊಳ್ಳುವುದು ಮನೆಯವರ ಹಕ್ಕು.