ರೀ, ಒಟಿಪಿ ಬಂತಾ? ಸೂರತ್ ಹುಂಡಿಯಿಂದ ಯುಪಿಐವರೆಗೆ ಗಂಡ ಹೆಂಡತಿ ಖಾತೆ

ಈ ಕಂತಿನ ವಿಡಿಯೋ ನೋಡಿದವರಿಗೆ ಇದರ ಬಹುಪಾಲು ಗೊತ್ತಿದೆ. ಕೇಳೋದಕ್ಕಿಂತ ಓದೋದೇ ಸುಲಭ ಅನ್ನೋರಿಗಾಗಿ ಬರಹದಲ್ಲಿ ಕೊಡ್ತಿದ್ದೇನೆ, ಮಾತಿನ ಭರದಲ್ಲಿ ಬಿಟ್ಟುಹೋದ ಒಂದೆರಡು ವಿವರಗಳನ್ನೂ ಸೇರಿಸಿದ್ದೇನೆ.

ಮೊದಲು ನಿಮ್ಮ ಫೋನಿನಲ್ಲಿರೋ ಬ್ಯಾಂಕ್ ಆ್ಯಪ್‌ಗಳನ್ನ ಒಮ್ಮೆ ನೋಡಿ. ಐಸಿಐಸಿಐ ಇದ್ದರೆ ಅದರ ನೋಂದಾಯಿತ ಕಚೇರಿ ಇರೋದು ವಡೋದರಾದಲ್ಲಿ. 1994ರಲ್ಲಿ ಆ ಬ್ಯಾಂಕ್ ಶುರುವಾಗಿದ್ದೂ ಅಲ್ಲೇ. ಆಕ್ಸಿಸ್ ಇದ್ದರೆ ಅಹಮದಾಬಾದ್. ಆಗ ಯುಟಿಐ ಬ್ಯಾಂಕ್ ಅಂತಿದ್ದ ಅದರ ಮೊದಲ ಶಾಖೆಯನ್ನ 1994ರ ಏಪ್ರಿಲ್ 2ರಂದು ಅಹಮದಾಬಾದ್‌ನಲ್ಲಿ ಉದ್ಘಾಟಿಸಿದವರು ಹಣಕಾಸು ಮಂತ್ರಿಯಾಗಿದ್ದ ಮನಮೋಹನ ಸಿಂಗ್. ಬ್ಯಾಂಕ್ ಆಫ್ ಬರೋಡಾಕ್ಕೆ ಹೆಸರಲ್ಲೇ ಊರಿದೆ. ಇನ್ನು ಕರಾವಳಿಯವರು 'ನಮ್ಮದು ವಿಜಯಾ ಬ್ಯಾಂಕು, ನಮ್ಮೂರಿಂದು' ಅಂದರೆ, 2019ರ ಏಪ್ರಿಲ್ 1ರಿಂದ ಅದೂ ಬರೋಡಾದೊಳಗೇ ಇದೆ. ಅಂದರೆ ಬೆಂಗಳೂರಲ್ಲೋ ಮಂಗಳೂರಲ್ಲೋ ಕೂತು ನಾವು ಒತ್ತೋ ಎಷ್ಟೋ ಗುಂಡಿಗಳ ಹಿಂದೆ ಒಂದು ಗುಜರಾತಿ ವಿಳಾಸ ಇದೆ.

ನಾನು ಅಹಮದಾಬಾದ್‌ನಲ್ಲಿ ಕೋಡ್ ಬರೀತೀನಿ. ಹೆಂಡತಿಗೆ ಕೆಲಸ ವಡೋದರಾದಲ್ಲಿ. ಶನಿವಾರ, ಭಾನುವಾರ ಮಾತ್ರ ಒಂದೇ ಊರು. ಹೀಗಿರೋ ಗಂಡ ಹೆಂಡತಿಗೆ ಮೊಬೈಲ್ ಬ್ಯಾಂಕಿಂಗ್ ದೊಡ್ಡ ಉಪಕಾರ, ಅದರಲ್ಲಿ ಅನುಮಾನವೇ ಇಲ್ಲ. ನನ್ನ ಮನೆಯ ಟೊರೆಂಟ್ ಪವರ್ ಬಿಲ್ಲು, ಅವಳ ಮನೆಯ ಎಂಜಿವಿಸಿಎಲ್ ಬಿಲ್ಲು, ಎರಡು ಬಾಡಿಗೆ, ಊರಿನಲ್ಲಿರೋ ಅತ್ತೆಯವರ ಔಷಧಿ, ಎಲ್ಲ ಊಟದ ಬಿಡುವಿನಲ್ಲಿ ಮುಗಿಯುತ್ತೆ. 2019ರ ಡಿಸೆಂಬರ್ 16ರಿಂದ ನೆಫ್ಟ್ ದಿನದ 24 ಗಂಟೆಯೂ ನಡೀತಿದೆ. ಅದಕ್ಕೆ ಮೊದಲು ಶನಿವಾರ ಸಂಜೆ ದುಡ್ಡು ಕಳಿಸಿ ಸೋಮವಾರದವರೆಗೆ ಕಾಯ್ತಿದ್ದದ್ದು ಈಗ ನೆನಪೂ ಆಗಲ್ಲ.

ಹೋದ ವರ್ಷ ಅವಳು ತಂಗಿಯ ಮದುವೆಗೆ ಸೀರೆ ತರೋಕೆ ಸೂರತ್‌ಗೆ ಹೋದಳು. ರಿಂಗ್ ರೋಡಿನ ಬಟ್ಟೆ ಮಾರುಕಟ್ಟೆ, ಇಪ್ಪತ್ತೆರಡು ಸೀರೆ. ಬಿಲ್ಲು ಯುಪಿಐ ಮಿತಿ ದಾಟಿತು. ಸರಿ, ಜಂಟಿ ಖಾತೆಯಿಂದ ನೆಟ್ ಬ್ಯಾಂಕಿಂಗ್‌ನಲ್ಲಿ ಕಳಿಸೋಣ ಅಂದರೆ ಒಟಿಪಿ ಬರೋದು ನನ್ನ ಫೋನಿಗೆ, ಯಾಕಂದರೆ ಖಾತೆಯಲ್ಲಿ ಮೊದಲ ಹೆಸರು ನನ್ನದು. ನಾನು ಮೀಟಿಂಗ್‌ನಲ್ಲಿದ್ದೆ. 'ರೀ, ಒಟಿಪಿ ಬಂತಾ?' ಅಂತ ಏಳು ಮೆಸೇಜ್. ಅಂಗಡಿಯವರು ಎರಡು ಸಲ ಚಹಾ ತರಿಸಿ, ಕೊನೆಗೆ 'ಬೆನ್, ಸೀರೆ ತಗೊಂಡು ಹೋಗಿ, ದುಡ್ಡು ನಾಳೆ ಕಳಿಸಿ' ಅಂದರಂತೆ. ಅವತ್ತು ವ್ಯಾಪಾರ ನಡೆದದ್ದು ಅವರ ನಂಬಿಕೆಯ ಮೇಲೆ. ಆ ಖಾತೆಗೆ ಹಾಕೋ ಸಂಬಳದಲ್ಲಿ ಅರ್ಧ ಅವಳದು, ಬ್ಯಾಂಕಿನ ಕಾಗದದಲ್ಲಿ ಅವಳ ಸಹಿ ಇದೆ. ಆದರೂ ಯಂತ್ರದ ಕಣ್ಣಿಗೆ ಅವಳು ಯಾರು? ಈ ಪ್ರಶ್ನೆ ಹಿಡಿದುಕೊಂಡು ನಾನು ಹಿಂದಕ್ಕೆ ಓದುತ್ತಾ ಹೋದೆ.

ಶುರು ಸೂರತ್‌ನಿಂದಲೇ ಮಾಡೋಣ. ಹದಿನೇಳನೇ ಶತಮಾನದಲ್ಲಿ ಸೂರತ್ ಮೊಗಲರ ದೊಡ್ಡ ಬಂದರು. ಅಲ್ಲಿನ ವೀರ್ಜಿ ವೋರಾ ಈಸ್ಟ್ ಇಂಡಿಯಾ ಕಂಪನಿಗೇ ಸಾಲ ಕೊಡ್ತಿದ್ದ ವ್ಯಾಪಾರಿ. ಆಗ್ರಾದಲ್ಲಿ ನೀಲಿ ಕೊಳ್ಳಬೇಕಾದ ಇಂಗ್ಲಿಷರು ನಾಣ್ಯದ ಚೀಲ ಹೊರಿಸಿಕೊಂಡು ಹೋಗೋ ಬದಲು ಸೂರತ್‌ನ ಚಿನಿವಾರರ ಹತ್ತಿರ ಹುಂಡಿ ಬರೆಸಿಕೊಂಡು ಕಳಿಸ್ತಿದ್ದರು. ತೋರಿಸಿದ ಕೂಡಲೇ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ, ಅವಧಿ ಮುಗಿದ ಮೇಲೆ ಕೊಡೋದು ಮುದ್ದತಿ ಹುಂಡಿ. ಶಾಹ್‌ಜೋಗ್ ಅಂತ ಇನ್ನೊಂದು: ಪೇಟೆಯಲ್ಲಿ ಮರ್ಯಾದೆ ಇರೋ ಶಾಹ್, ಅಂದರೆ ಸಾಹುಕಾರ, ಅಂಥವರಿಗೆ ಮಾತ್ರ ಅದರ ಹಣ ಕೊಡೋದು. ಕಳ್ಳ ತಂದರೆ ಸಿಗಲ್ಲ. ಇವತ್ತಿನ ಭಾಷೆಯಲ್ಲಿ ಇದು ಗುರುತಿನ ಪರಿಶೀಲನೆಯೇ.

ನನಗೆ ತುಂಬಾ ಖುಷಿ ಕೊಟ್ಟ ವಿವರ ಬೇರೆ. ಹುಂಡಿ ದಾರಿಯಲ್ಲಿ ಕಳೆದುಹೋದರೆ ಬರೆದವರು ಎರಡನೇ ಪ್ರತಿ ಕೊಡ್ತಿದ್ದರು, ಅದಕ್ಕೆ ಪೇಠ್ ಅಂತ ಹೆಸರು. ಅದೂ ಕಳೆದರೆ ಮೂರನೆಯದು, ಪರ್‌ಪೇಠ್. ಒಟಿಪಿ ಬರದೇ ಇದ್ದಾಗ ಕೆಳಗಡೆ 'ಮತ್ತೆ ಕಳಿಸಿ' ಅಂತ ಬರುತ್ತಲ್ಲ, ಅದರ ಮುತ್ತಜ್ಜ ಇವನು. ಹಣ ಕೊಟ್ಟು ಮುಗಿದ ಹುಂಡಿಗೆ ಖೋಖಾ ಅನ್ನೋರು. ಒಂದೇ ಹುಂಡಿಗೆ ಎರಡು ಸಲ ಹಣ ಹೋಗದಂತೆ ನೋಡಿಕೊಳ್ಳೋದು ಇವತ್ತಿಗೂ ಪಾವತಿ ಸಾಫ್ಟ್‌ವೇರ್ ಬರೆಯೋರ ದೊಡ್ಡ ತಲೆನೋವು.

ಈ ವ್ಯವಸ್ಥೆಯಲ್ಲಿ ಲೆಕ್ಕ ಇರ್ತಿದ್ದದ್ದು ಪೇಢಿಯ ಹೆಸರಿನಲ್ಲಿ, ಅಂದರೆ ಮನೆತನದ ಅಂಗಡಿಯ ಹೆಸರಿನಲ್ಲಿ. ದೀಪಾವಳಿಗೆ ಪೂಜೆ ಮಾಡೋ ಕೆಂಪು ಹೊದಿಕೆಯ ಚೋಪಡಾ ಪುಸ್ತಕದಲ್ಲಿ ಪೇಢಿ ಇದೆ, ಅದನ್ನ ನಡೆಸೋ ಗಂಡಸರಿದ್ದಾರೆ. ಹೆಂಡತಿಯ ಪಾಲಿಗೆ ಬಂದದ್ದು ಮೈಮೇಲಿನ ಬಂಗಾರ. ನಮ್ಮ ಕಡೆಯೂ ಇದಕ್ಕಿಂತ ಬೇರೆ ಇರಲಿಲ್ಲ ಬಿಡಿ. ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟ ದುಡ್ಡೇ ನಮ್ಮ ಅಜ್ಜಿಯರ ಉಳಿತಾಯ ಖಾತೆ.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕರಾವಳಿ ಕರ್ನಾಟಕವೂ ಗುಜರಾತೂ ಒಂದೇ ದಾರಿಯಲ್ಲಿ ಹೊರಟವು. ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್ ಮತ್ತು ಮಂಗಳೂರಲ್ಲಿ ಕೆನರಾ ಬ್ಯಾಂಕ್ ಹುಟ್ಟಿದ್ದು 1906ರಲ್ಲಿ. ಸಯಾಜಿರಾವ್ ಗಾಯಕವಾಡರ ಬ್ಯಾಂಕ್ ಆಫ್ ಬರೋಡಾ 1908ರ ಜುಲೈ 20ರಂದು. ಎ. ಬಿ. ಶೆಟ್ಟಿ ಮತ್ತು ಜೊತೆಗಾರರ ವಿಜಯಾ ಬ್ಯಾಂಕ್ 1931ರ ವಿಜಯದಶಮಿಗೆ. ಆಮೇಲೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲೇ ಪಿಗ್ಮಿ ಯೋಜನೆ ತಂದು, ಮನೆಬಾಗಿಲಿಗೆ ಏಜೆಂಟರನ್ನ ಕಳಿಸಿ ದಿನಕ್ಕೆ ಎರಡಾಣೆ ಜಮಾ ಮಾಡಿಸಿಕೊಳ್ತಿತ್ತು. ಮನೆಯಲ್ಲಿರೋ ಹೆಂಗಸು ಬ್ಯಾಂಕಿಗೆ ಬರೋ ಬದಲು ಬ್ಯಾಂಕೇ ಅವಳ ಬಾಗಿಲಿಗೆ ಬಂದದ್ದು, ನನ್ನ ಪ್ರಕಾರ, ಆ ಕಾಲದ ದೊಡ್ಡ ವಿಷಯ.

ಈ ಬ್ಯಾಂಕುಗಳು ಗಂಡ ಹೆಂಡತಿಗೆ ಕೊಟ್ಟ ಕಾಗದದ ಉಪಾಯವೇ ಜಂಟಿ ಖಾತೆ. ಅದರಲ್ಲಿ ಮುಖ್ಯವಾಗಿ ಮೂರು ಬಗೆ. 'ಜಾಯಿಂಟ್ಲಿ' ಅಂದರೆ ಇಬ್ಬರ ಸಹಿಯೂ ಬೇಕು. 'ಫಾರ್ಮರ್ ಆರ್ ಸರ್ವೈವರ್' ಅಂದರೆ ಮೊದಲ ಹೆಸರಿನವರು ಇರೋವರೆಗೆ ಅವರೇ, ಆಮೇಲೆ ಉಳಿದವರು. 'ಈದರ್ ಆರ್ ಸರ್ವೈವರ್' ಅಂದರೆ ಇಬ್ಬರಲ್ಲಿ ಯಾರಾದರೂ ಸರಿ, ಒಬ್ಬರು ಹೋದರೆ ಇನ್ನೊಬ್ಬರು. ಈ ಮೂರನೆಯದು ಜಾಣ ಏರ್ಪಾಡು. ಕೌಂಟರಿನಲ್ಲಿ ಹೆಂಡತಿ ಬಂದು ಚೆಕ್ ಕೊಟ್ಟರೆ ಗುಮಾಸ್ತರು ಗಂಡನನ್ನ ಕರೀರಿ ಅನ್ನೋಹಾಗಿಲ್ಲ. ಅವಳ ಸಹಿಗೆ ಅವನ ಸಹಿಯಷ್ಟೇ ತೂಕ.

ಆದರೆ ಸಹಿ ಮಾಡೋಕೆ ಬರದವರು? ಇಲ್ಲಿ ಅಹಮದಾಬಾದ್ ಮಾಡಿದ್ದು ಬೇರೆ ಯಾವ ಊರೂ ಮಾಡಿರಲಿಲ್ಲ ಅಂತ ನನಗನಿಸುತ್ತೆ. ತಲೆಹೊರೆ ಹೊರೋರು, ತರಕಾರಿ ಮಾರೋರು, ಹಳೇಬಟ್ಟೆಗೆ ಪಾತ್ರೆ ಕೊಡೋರು, ಬೀಡಿ ಕಟ್ಟೋರು, ಇಂಥ ಹೆಂಗಸರನ್ನ ಇಳಾ ಭಟ್ 1972ರಲ್ಲಿ 'ಸೇವಾ' ಸಂಘಟನೆಯಡಿ ಸೇರಿಸಿದರು. 1969ರಲ್ಲಿ ಬ್ಯಾಂಕುಗಳು ರಾಷ್ಟ್ರೀಕರಣ ಆಗಿದ್ದವು, ಬಡವರಿಗೂ ಸಾಲ ಕೊಡಬೇಕು ಅಂತ ಸರ್ಕಾರ ಹೇಳಿತ್ತು. ಹೆಂಗಸರು ಹೋದರು. ಮಾಸಿದ ಸೀರೆ, ಕಂಕುಳಲ್ಲಿ ಮಗು, ವ್ಯಾಪಾರ ಮುಗಿಸಿ ಬರೋ ಹೊತ್ತಿಗೆ ಕೌಂಟರ್ ಮುಚ್ಚೋ ಸಮಯ. ಬ್ಯಾಂಕಿನವರಿಗೂ ಇರುಸುಮುರುಸು, ಇವರಿಗೂ ಅವಮಾನ. ಹಾಗಾದರೆ ನಮ್ಮದೇ ಒಂದು ಬ್ಯಾಂಕ್ ಯಾಕಿರಬಾರದು ಅಂತ ಹೊರಟು, ಸುಮಾರು ನಾಲ್ಕು ಸಾವಿರ ಹೆಂಗಸರು ತಲಾ 10 ರೂಪಾಯಿ ಷೇರು ಹಾಕಿ 1974ರಲ್ಲಿ ಶ್ರೀ ಮಹಿಳಾ ಸೇವಾ ಸಹಕಾರಿ ಬ್ಯಾಂಕ್ ನೋಂದಾಯಿಸಿದರು. ನೋಂದಣಿಗೆ ಪ್ರವರ್ತಕರ ಸಹಿ ಬೇಕು ಅಂದಾಗ ಹೆಸರು ಬರೆಯೋದನ್ನ ರಾತ್ರಿಯೆಲ್ಲ ಕೂತು ಕಲಿತು ಹೋದರಂತೆ.

ಗ್ರಾಹಕರ ಸಹಿಯ ಸಮಸ್ಯೆಗೆ ಅವರು ಕಂಡುಕೊಂಡ ಉತ್ತರ ಸರಳ: ಫೋಟೊ. ಖಾತೆ ನಂಬರಿನ ಜೊತೆ ಅವಳದೇ ಮುಖ. ಕೌಂಟರಿನ ಎದುರು ನಿಂತವಳು ಪಾಸ್‌ಬುಕ್ಕಿನ ಫೋಟೊದಲ್ಲಿರೋವಳೇ ಆದರೆ ದುಡ್ಡು ಅವಳದು. ಅವಳ ಗಂಡ ಪಾಸ್‌ಬುಕ್ ಹಿಡಿದು ಬಂದರೆ ಕೆಲಸ ಆಗಲ್ಲ. ಇದು ಅಡ್ಡಪರಿಣಾಮ ಅಲ್ಲ, ಬೇಕಿದ್ದ ಗುಣವೇ. ಮನೆಯಲ್ಲಿಟ್ಟ ದುಡ್ಡು ಗಂಡಸರ ಕೈಗೆ ಸಿಗ್ತಿತ್ತು. ಸಿಗದ ಜಾಗ ಬೇಕು ಅಂತಲೇ ಎಷ್ಟೋ ಜನ ಅಲ್ಲಿ ಖಾತೆ ತೆರೆದದ್ದು.

ಈಗ ಕಂಪ್ಯೂಟರಿಗೆ ಬರೋಣ, ಇದು ನನ್ನ ಕ್ಷೇತ್ರ. ಐಸಿಐಸಿಐ ಥರದ ಬ್ಯಾಂಕುಗಳು 1990ರ ದಶಕದ ಕೊನೆಯಲ್ಲಿ ಇಂಟರ್ನೆಟ್ ಬ್ಯಾಂಕಿಂಗ್ ತಂದವು. ರಿಸರ್ವ್ ಬ್ಯಾಂಕ್ 2001ರಲ್ಲಿ ಅದಕ್ಕೆ ಮಾರ್ಗಸೂಚಿ ಕೊಟ್ಟಿತು. ಕಾರ್ಡನ್ನ ಎದುರಿಗೆ ತೋರಿಸದೇ ಮಾಡೋ ಆನ್‌ಲೈನ್ ಪಾವತಿಗೆ 2009ರ ಆಗಸ್ಟ್ 1ರಿಂದ ಎರಡನೇ ಹಂತದ ಪರಿಶೀಲನೆ ಕಡ್ಡಾಯವಾಯಿತು. ಒಳ್ಳೆಯ ನಿಯಮ; ಅದಿಲ್ಲದಿದ್ದರೆ ನಮ್ಮ ಕಾರ್ಡುಗಳನ್ನ ದೋಚಿಬಿಡ್ತಿದ್ದರು. ಕಾಲಕ್ರಮೇಣ ಆ ಎರಡನೇ ಹಂತ ಅಂದರೆ ಮೊಬೈಲಿಗೆ ಬರೋ ಒಟಿಪಿ ಅಂತಲೇ ಆಯಿತು. ಗುರುತಿನ ಭಾರ ಸಹಿಯಿಂದ, ಮುಖದಿಂದ ಸರಿದು ಹತ್ತು ಅಂಕಿಯ ನಂಬರಿನ ಮೇಲೆ ಬಿತ್ತು. 2016ರ ಏಪ್ರಿಲ್ 11ರಂದು ಬಂದ ಯುಪಿಐ ಇದನ್ನ ಇನ್ನೂ ಬಿಗಿ ಮಾಡಿತು. ಆ್ಯಪ್ ಹಾಕಿದ ಕೂಡಲೇ ನಿಮ್ಮ ಸಿಮ್ಮಿನಿಂದ ಒಂದು ಎಸ್ಸೆಮ್ಮೆಸ್ ಹೋಗುತ್ತಲ್ಲ, ಅಲ್ಲಿ ಫೋನು, ಸಿಮ್ಮು, ಖಾತೆ ಮೂರೂ ಒಂದಕ್ಕೊಂದು ಗಂಟು ಬೀಳುತ್ತವೆ.

ಖಾತೆಗೆ ಇಬ್ಬರು ಮಾಲೀಕರು ಅನ್ನೋದನ್ನ ಡೇಟಾಬೇಸಿನಲ್ಲಿ ಬರೆಯೋದು ಕಷ್ಟವಲ್ಲ, ಕಾಲೇಜಿನ ಎರಡನೇ ವರ್ಷದ ಹುಡುಗರೂ ಬರೀತಾರೆ. ಇಬ್ಬರಿಗೂ ಬೇರೆ ಬೇರೆ ಗ್ರಾಹಕ ಸಂಖ್ಯೆ, ಬೇರೆ ಬೇರೆ ಮೊಬೈಲ್ ಕೊಡಬಹುದು. ಕೆಲವು ಬ್ಯಾಂಕುಗಳು ಎರಡನೇ ಹೆಸರಿನವರಿಗೂ ಅವರದೇ ನಂಬರಿನಲ್ಲಿ ನೆಟ್ ಬ್ಯಾಂಕಿಂಗ್, ಯುಪಿಐ ಎರಡನ್ನೂ ಕೊಡ್ತವೆ. ಆದರೆ ಖಾತೆ ತೆರೆಯೋ ದಿನ ಅರ್ಜಿಯಲ್ಲಿ ಮೊಬೈಲ್ ಅನ್ನೋ ಕಡೆ ಒಂದು ನಂಬರ್ ಬರೀತೀವಿ, ಅದು ಗಂಡನದು, ಕಥೆ ಅಲ್ಲಿಗೆ ಮುಗೀತು. ಇನ್ನು 'ಜಾಯಿಂಟ್ಲಿ' ಖಾತೆಯವರಿಗೆ ಸಾಮಾನ್ಯವಾಗಿ ಆನ್‌ಲೈನಿನಲ್ಲಿ ನೋಡೋಕಷ್ಟೇ ಅವಕಾಶ, ಮುಟ್ಟೋಹಾಗಿಲ್ಲ. ಕಾಗದದಲ್ಲಿ 'ಈದರ್', ಫೋನಿನಲ್ಲಿ 'ಫಾರ್ಮರ್'.

ನಮ್ಮ ಸೊಸೈಟಿಯಲ್ಲಿ ಅಡುಗೆ ಮಾಡೋ ಒಬ್ಬ ಬೆನ್‌ಗೆ ಅವರ ಹೆಸರಿನಲ್ಲೇ ಖಾತೆ ಇದೆ. ಅದಕ್ಕೆ ಕೊಟ್ಟಿರೋ ನಂಬರ್ ಗಂಡನದು, ಆಧಾರ್‌ಗೆ ಕೊಟ್ಟಿರೋದೂ ಅದೇ. ಸಂಬಳ ಜಮಾ ಆದದ್ದು ಮೊದಲು ಗೊತ್ತಾಗೋದು ಅವನಿಗೆ. ಹಾಗಾಗಿ ಅವರು ನಗದೇ ಕೊಡಿ ಅಂತಾರೆ. ಸೇವಾ ಬ್ಯಾಂಕು ಇದೇ ಊರಿನಲ್ಲಿ ಐವತ್ತು ವರ್ಷದ ಹಿಂದೆ ಬಿಡಿಸಿದ್ದ ಗಂಟು ಅದು.

ವಡೋದರಾದಲ್ಲಿ ನಮಗೆ ಪರಿಚಯದ ಒಂದು ಕನ್ನಡ ಮನೆ. ಯಜಮಾನರು ತೀರಿಕೊಂಡರು. ಖಾತೆ 'ಈದರ್ ಆರ್ ಸರ್ವೈವರ್', ಹಾಗಾಗಿ ದುಡ್ಡಿಗೆ ಆಂಟಿಯೇ ಹಕ್ಕುದಾರರು, ಕಾನೂನಿನಲ್ಲಿ ಯಾವ ತಕರಾರೂ ಇಲ್ಲ. ಅಂಕಲ್ ನಂಬರಿಗೆ ಯಾರೂ ರೀಚಾರ್ಜ್ ಮಾಡಲಿಲ್ಲ, ಸಿಮ್ ಸತ್ತಿತು. ಗ್ಯಾಸ್ ಬಿಲ್ಲು ಕಟ್ಟೋಕೆ ಹೋದರೆ ಒಟಿಪಿ ಹೋಗ್ತಿದ್ದದ್ದು ಇಲ್ಲದ ಫೋನಿಗೆ. ಶಾಖೆಗೆ ನಾಲ್ಕು ಸಲ ಓಡಾಡಿ, ಫಾರಂ, ಮರಣ ಪ್ರಮಾಣಪತ್ರ, ಕೆವೈಸಿ ಎಲ್ಲ ಕೊಟ್ಟ ಮೇಲೆ ನಂಬರ್ ಬದಲಾಯಿತು. ಹೀಗೆ ನಿಂತುಹೋದ ನಂಬರನ್ನ ಕನಿಷ್ಠ 90 ದಿನ ಕಳೆದ ಮೇಲೆ ಟೆಲಿಕಾಂ ಕಂಪನಿ ಬೇರೆಯವರಿಗೆ ಕೊಡಬಹುದು. ಅಂದರೆ ತಡ ಮಾಡಿದರೆ ಬ್ಯಾಂಕಿನ ಸಂದೇಶಗಳು ಯಾರೋ ಅಪರಿಚಿತರಿಗೆ ಹೋಗ್ತವೆ. ವಿಡಿಯೋದಲ್ಲಿ ಈ ಭಾಗ ಬೇಗ ದಾಟಿಸಿದ್ದೆ, ದಯವಿಟ್ಟು ಇಲ್ಲಿ ನಿಧಾನವಾಗಿ ಓದಿ.

ಬ್ಯಾಂಕುಗಳ ವಿಲೀನವೂ ಇದೇ ಥರದ ಹೊತ್ತು. ವಿಜಯಾ ಮತ್ತು ದೇನಾ ಬ್ಯಾಂಕಿನ ಹಳೇ ಐಎಫ್‌ಎಸ್‌ಸಿಗಳು 2021ರ ಮಾರ್ಚ್ 1ರಿಂದ ನಿಂತವು. ಫೋನ್ ಹಿಡಿದೋರು ಹೊಸ ಸಂಖ್ಯೆ ಹುಡುಕಿಕೊಂಡರು. ಮನೆಯಲ್ಲಿ ಫೋನ್ ಹಿಡಿದೋರು ಯಾರು ಅನ್ನೋದು ಮತ್ತೆ ಅದೇ ಪ್ರಶ್ನೆ.

2024ರ ಆಗಸ್ಟ್‌ನಲ್ಲಿ ಯುಪಿಐ ಸರ್ಕಲ್ ಬಂತು. ಒಬ್ಬರು ತಮ್ಮ ಖಾತೆಯಿಂದ ಪಾವತಿ ಮಾಡೋ ಅವಕಾಶವನ್ನ ಐದು ಜನರವರೆಗೆ ಕೊಡಬಹುದು. ಪೂರ್ತಿ ಬಿಟ್ಟುಕೊಟ್ಟರೆ ತಿಂಗಳಿಗೆ 15,000 ರೂಪಾಯಿ, ಒಂದು ಸಲಕ್ಕೆ 5,000. ಅರ್ಧ ಬಿಟ್ಟುಕೊಟ್ಟರೆ ಪ್ರತಿ ಸಲವೂ ಮುಖ್ಯ ಬಳಕೆದಾರರು ಪಿನ್ ಒತ್ತಿ ಒಪ್ಪಬೇಕು. ಕಾಲೇಜಿಗೆ ಹೋಗೋ ಮಗಳಿಗೆ, ವಯಸ್ಸಾದ ಅಪ್ಪನಿಗೆ ಒಳ್ಳೆಯದೇ. ಗೆಳೆಯರೊಬ್ಬರು 'ನಿಮ್ಮ ಸೂರತ್ ಸಮಸ್ಯೆಗೆ ಇದೇ ಪರಿಹಾರ' ಅಂದರು. ನಾನು ಹೆಂಡತಿಗೆ ತೋರಿಸಿದೆ. ಅವಳು ಪರದೆ ಮೇಲಿದ್ದ 'ಸೆಕೆಂಡರಿ ಯೂಸರ್' ಅನ್ನೋ ಪದ ಓದಿ, 'ನನ್ನ ಸಂಬಳ ಖರ್ಚು ಮಾಡೋಕೆ ನಿಮ್ಮ ಅಪ್ಪಣೆನಾ ರೀ?' ಅಂದಳು. ಅವಳು ಹೇಳಿದ್ದು ಸರಿ. ಜಂಟಿ ಖಾತೆ ಕೊಟ್ಟದ್ದು ಹಕ್ಕು, ಸರ್ಕಲ್ ಕೊಡೋದು ಅನುಮತಿ. ಅನುಮತಿಯನ್ನ ಕೊಟ್ಟವರು ಯಾವಾಗ ಬೇಕಾದರೂ ವಾಪಸ್ ತಗೋಬಹುದು.

ಆಮೇಲೆ ನಾವು ಶಾಖೆಗೆ ಹೋಗಿ ಅವಳ ಗ್ರಾಹಕ ಸಂಖ್ಯೆಗೆ ಅವಳ ನಂಬರ್, ಅವಳ ಇಮೇಲ್ ಹಾಕಿಸಿ, ಬೇರೆ ಲಾಗಿನ್ ಮಾಡಿಸಿದೆವು. ಒಂದು ಫಾರಂ, ಅರ್ಧ ದಿನದ ರಜೆ. ಮುಂದಿನ ತಿಂಗಳು ಉಡುಪಿಗೆ ಹೋಗಿ ಅತ್ತೆಯವರ ಖಾತೆಗೂ ಇದೇ ಕೆಲಸ ಮಾಡಿಸಬೇಕು. ಅಲ್ಲಿ ಇವತ್ತಿಗೂ ಇರೋದು ಮಾವನ ನಂಬರ್. ಅತ್ತೆಗೆ ಸ್ಮಾರ್ಟ್‌ಫೋನ್ ಬೇಡವಂತೆ, ಗುಂಡಿ ಇರೋ ಹಳೇ ಫೋನೇ ಸಾಕಂತೆ. ಒಟಿಪಿ ಅದಕ್ಕೂ ಬರುತ್ತೆ.