ಸತುವಿನ ಕೊರತೆಯ ಚರ್ಮದ ಉರಿಯೂತ

ಸತುವಿನ ಕೊರತೆಯ ಚರ್ಮದ ಉರಿಯೂತವು ದೇಹಕ್ಕೆ ಸಾಕಷ್ಟು ಸತು (ಜಿಂಕ್) ದೊರೆಯದಿದ್ದಾಗ ಬಾಯಿ, ಗುದದ್ವಾರ ಹಾಗೂ ಕೈಕಾಲುಗಳ ಚರ್ಮ ಕೆಂಪಾಗಿ ಸುಲಿಯುವ ರೋಗ. ಭೇದಿ ಮತ್ತು ಕೂದಲುದುರುವಿಕೆ ಇದರ ಇತರ ಲಕ್ಷಣಗಳು. ಇದರ ಆನುವಂಶಿಕ ರೂಪವನ್ನು 1942ರಲ್ಲಿ ಡಾನ್‌ಬೋಲ್ಟ್ ಮತ್ತು ಕ್ಲಾಸ್ ವಿವರಿಸಿದರು. ಸತುವಿನ ಕೊರತೆಯೇ ಅದರ ಕಾರಣವೆಂಬುದು 1970ರ ದಶಕದಲ್ಲಿ ತಿಳಿಯಿತು.

ಸ್ಟೀರಾಯ್ಡ್‌ನಂತಹ ಉರಿಯೂತ ಶಮನಕಾರಿ ಔಷಧಗಳು ಕೆಂಪನ್ನು ತಗ್ಗಿಸಬಹುದಾದರೂ ಕೊರತೆಯನ್ನು ನೀಗಿಸಲಾರವು. ಸತು ನೀಡಿದರೆ ಗಾಯಗಳು ಬೇಗ ಮಾಯುತ್ತವೆ. ಆದ್ದರಿಂದ ಇಂತಹ ಔಷಧದ ಪರೀಕ್ಷೆಯಲ್ಲಿ ಅದರ ಫಲವನ್ನು ಸತುವಿನ ಫಲದೊಂದಿಗೆ ಹೋಲಿಸುವುದು ಅಗತ್ಯ.

ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಭಾಗದ ಮುಖ್ಯ ಆಹಾರಗಳಾದ ಜೋಳ, ಸಜ್ಜೆಗಳಲ್ಲಿರುವ ಫೈಟೇಟ್ ಕರುಳು ಸತುವನ್ನು ಹೀರಿಕೊಳ್ಳುವುದಕ್ಕೆ ಅಡ್ಡಿಯಾಗುತ್ತದೆ. ಗಂಗಾವತಿಯಂತಹ ಭತ್ತದ ಸೀಮೆಯಲ್ಲಿ, ನೀರು ನಿಂತ ಗದ್ದೆಗಳಿಂದ ಬೆಳೆಗೂ ಸತು ಕಡಿಮೆ ದೊರೆಯುತ್ತದೆ. ಬೇಳೆಕಾಳು, ಮೊಟ್ಟೆ ಮತ್ತು ಮಾಂಸ ಸತುವಿನ ಮೂಲಗಳು.