ಜೀಪಿನ ಹೊಟ್ಟೆಯಾಗ ಟ್ರ್ಯಾಕ್ಟರ್

ಯಾದಗಿರಿ, ಶಹಾಪುರ, ಸುರಪುರ ಕಡೆ ಇವತ್ತಿಗೂ ಅಲ್ಲೊಂದು ಇಲ್ಲೊಂದು ಹಳೆ ಜೀಪು ಓಡಾಡ್ತಾವ. ಬಣ್ಣ ಹೋಗಿರ್ತದ, ಮ್ಯಾಲಿನ ತಾಡಪತ್ರಿ ಹರಿದಿರ್ತದ, ಆದ್ರ ಹತ್ತಿ ಚೀಲ ಹೇರಿಕೊಂಡು ರಾಡಿಯಾಗಿಂದ ಎದ್ದು ಬರ್ತಾವ. ಇಷ್ಟು ವರ್ಷ ಹೆಂಗ ಉಳಿದವು? "ಮಿಲಿಟರಿ ಗಾಡಿ, ಗಟ್ಟಿ ಇರ್ತದ" ಅಂತಾರ ಎಲ್ಲರೂ. ನನ್ನ ಲೆಕ್ಕ ಬ್ಯಾರೆ ಅದ. ಗಟ್ಟಿ ಇದ್ದದ್ದಕ್ಕಿಂತ, ನಮ್ಮ ಮಿಸ್ತ್ರಿಗಳ ಕೈಗೆ ತಿಳಿಯುವಂಥಾ ಗಾಡಿ ಇದ್ದದ್ದಕ್ಕ ಉಳಿದವು. ಅದು ಹೆಂಗಾತು ಅನ್ನೋದನ್ನ ಬರೀತೀನಿ.

ಜೀಪು ಹುಟ್ಟಿದ್ದು ಯುದ್ಧಕ್ಕಾಗಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಕೂಡಿ 6 ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದವು. 1945ರಲ್ಲಿ ವಿಲ್ಲೀಸ್ ಕಂಪನಿ ಜನರಿಗೆ ಮಾರಲಿಕ್ಕೆ ಸಿಜೆ-2ಎ ಅನ್ನೋ ಜೀಪು ತಂತು. ಯಾರಿಗೆ ಮಾರಿದರು? ಮೊದಲು ರೈತರಿಗೇ. ನೇಗಿಲು ಎಳೀತದ, ಹಿಂದ ಪಿಟಿಓ ಹಾಕಿದ್ರ ಯಂತ್ರ ತಿರುಗಿಸ್ತದ ಅಂತ ಪ್ರಚಾರ ಮಾಡಿದರು. ಅಂದ್ರ ಸೈನ್ಯ ಬಿಟ್ಟ ಮ್ಯಾಲ ಜೀಪು ಹಿಡಿದ ಮೊದಲ ಹಾದಿನೇ ಹೊಲದ್ದು.

ನಮ್ಮ ದೇಶದಲ್ಲಿ ಮಹೀಂದ್ರದವರು 1940ರ ದಶಕದ ಕೊನೆಗೆ ಮುಂಬೈಯಲ್ಲಿ ವಿಲ್ಲೀಸ್ ಜೀಪು ಜೋಡಿಸಲಿಕ್ಕೆ ಶುರು ಮಾಡಿದರು. ನಮ್ಮ ಭಾಗ ನಿಜಾಮನ ಆಳ್ವಿಕೆಯಿಂದ ಹೊರಬಂದದ್ದೂ ಅದೇ ಹೊತ್ತಿನಲ್ಲಿ, 1948ರ ಸೆಪ್ಟೆಂಬರ್ 17ಕ್ಕೆ. 1952ರ ಅಕ್ಟೋಬರ್ 2ರಂದು ದೇಶದಾಗ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದ ಮ್ಯಾಲೆ ಬ್ಲಾಕ್ ಕಚೇರಿಯವರು ಹಳ್ಳಿಗೆ ಬರ್ತಿದ್ದದ್ದು ಜೀಪಿನಾಗ. ಮುತ್ಯಾನ ಕಾಲಕ್ಕ ಜೀಪು ಬಂತು ಅಂದ್ರ ಸಾಹೇಬ್ರು ಬಂದ್ರು ಅಂತ ಅರ್ಥ. ರೈತರದು ಬಂಡಿ ಎತ್ತು ಅಷ್ಟೇ.

ಆಗಿನ ಜೀಪು ಪೆಟ್ರೋಲಿಂದು. ಎತ್ತರ ಬಾನೆಟ್ಟಿನ ಸಿಜೆ-3ಬಿ ನೋಡಿರಬಹುದು. ಅದರ ಇಂಜಿನ್ ಎತ್ತರ ಇದ್ದದ್ದಕ್ಕ ಬಾನೆಟ್ಟೂ ಎತ್ತರ ಮಾಡಿದರು. ನಿಮಿಷಕ್ಕ 4,000 ಸುತ್ತಿನ ತನಕ ತಿರುಗುವ ಇಂಜಿನ್, ಕುಡಿಯೋದೂ ಹಂಗೇ. 1973ರಲ್ಲಿ ಅರಬ್ ದೇಶಗಳು ಎಣ್ಣೆ ಬಿಗಿ ಹಿಡಿದು ಬೆಲೆ ಏರಿದಾಗ, ರೈತ ಬಿಡ್ರಿ, ಕಚೇರಿಗೂ ಪೆಟ್ರೋಲ್ ಜೀಪು ಸಾಕೋದು ಕಷ್ಟ ಆತು.

ಇಲ್ಲೇ ಕಥಿ ತಿರುಗ್ತದ. ಮಹೀಂದ್ರದವರು 1960ರ ದಶಕದಲ್ಲಿ ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ಜೊತೆ ಸೇರಿ ಬಿ-275 ಟ್ರ್ಯಾಕ್ಟರ್ ಮಾಡಲಿಕ್ಕೆ ಹತ್ತಿದ್ದರು. ಆ 275 ಅನ್ನೋ ಅಂಕಿ ಇವತ್ತಿಗೂ ಮಹೀಂದ್ರ ಟ್ರ್ಯಾಕ್ಟರಿನ ಮ್ಯಾಲೆ ಅದ. 1970ರ ದಶಕದಲ್ಲಿ ಅದೇ ಟ್ರ್ಯಾಕ್ಟರಿನ ಡೀಸೆಲ್ ಇಂಜಿನ್ನನ್ನ ಜೀಪಿಗೆ ಹೊಂದಿಸಿ ಕೂರಿಸಿದರು. ಪೆಟ್ರೋಲ್ ಇಂಜಿನ್ನಿನಷ್ಟು ಜೋರು ತಿರುಗಂಗಿಲ್ಲ, ಗದ್ದಲ ಭಾಳ, ನಡುಕ ಭಾಳ. ಡಾಂಬರ್ ರಸ್ತೆಯಾಗ ಮಂದ. ಆದ್ರ ಯರಿ ಭೂಮಿಯಾಗ ಬೇಕಾದದ್ದು ಓಟ ಅಲ್ಲ, ಎಳೆತ.

ನಮ್ಮ ಕಡೆ ಆ ಎಳೆತಕ್ಕ ಕೆಲಸ ತಂದದ್ದು ಕೃಷ್ಣಾ ನೀರು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದರು. 1982ರಲ್ಲಿ ನಾರಾಯಣಪುರದ ಬಸವಸಾಗರ ಮುಗೀತು. ಎಡದಂಡೆ ಕಾಲುವೆ ನೀರು ಸುರಪುರ, ಶಹಾಪುರ ಹೊಲಗಳಿಗೆ ಬಂತು. ಅದಕ್ಕೂ ಮೊದಲು ಯರಿ ಹೊಲದ ದಾರಿ ಕೆಡ್ತಿದ್ದದ್ದು ಮಳಿಗಾಲದಾಗ ಮಾತ್ರ. ಜ್ವಾಳ, ತೊಗರಿ ರಾಶಿ ಹೊತ್ತಿಗೆ ನೆಲ ಒಣಗಿ ಕಲ್ಲಾಗಿರ್ತಿತ್ತು. ಭತ್ತ ಬಂದ ಮ್ಯಾಲೆ ಬ್ಯಾಸಿಗಿಗೂ ರಾಡಿ ಶುರುವಾತು. ನೀರು ಕುಡಿದು ಉಬ್ಬೋ ಮಣ್ಣು ಅದು, ಚಕ್ರಕ್ಕ ಮೆತ್ತಿದ್ರ ಬಿಡಂಗಿಲ್ಲ. ನಾಕೂ ಚಕ್ರ ಎಳಿಯೋ ಗಾಡಿ ಬೇಕಾತು. ಹಳೆ ಜೀಪು ಕೊಂಡವರ ಮನಿಗೆ ಹೊಸಾ ಮಿಸ್ತ್ರಿ ಬೇಕಾಗಲಿಲ್ಲ. ಟ್ರ್ಯಾಕ್ಟರ್ ಬಿಚ್ಚಿದ ಕೈಗೆ ಇದು ಗೊತ್ತಿದ್ದ ಕೆಲಸ. ಡೀಸೆಲ್ ಮುಗಿದು ಗಾಳಿ ಹೊಕ್ಕರ ಫಿಲ್ಟರ್ ಮ್ಯಾಲಿನ ಬೋಲ್ಟ್ ಸಡಿಲ ಮಾಡಿ, ಕೈಪಂಪ್ ಒತ್ತಿ, ಗುಳ್ಳಿ ನಿಲ್ಲೋತನಕ ಗಾಳಿ ತೆಗಿಯೋದು. ಪಂಪು, ನಾಝಲ್ಲು ಅಂದ್ರ ಬೆಂಗಳೂರಿನ ಆಡುಗೋಡಿಯ ಮೈಕೋ ಹೆಸರು ಎಲ್ಲರ ಬಾಯಾಗ ಇತ್ತು. ಟೈರಿನ ಅಳತಿ ಸುದ್ದಾ ಒಂದೇ: ಹಳೆ ಜೀಪಿಗೂ 6.00-16, ಸಣ್ಣ ಟ್ರ್ಯಾಕ್ಟರಿನ ಮುಂದಿನ ಗಾಲಿಗೂ 6.00-16. ಅಳತಿ ಒಂದೇ ಅಂತ ಟ್ರ್ಯಾಕ್ಟರ್ ಟೈರ್ ಜೀಪಿಗೆ ಹಾಕಬ್ಯಾಡ್ರಿ. ಅದು ರಸ್ತೆ ಓಟಕ್ಕ ಮಾಡಿದ್ದಲ್ಲ.

ಈಗ ಚಿಂತಿ ಮಾಡೋ ಮಾತು. ನಾನು ನೋಡಿದ ಎಷ್ಟೋ ಜೀಪಿಗೆ ಮುಂದಿನ ಶಾಫ್ಟೇ ಇಲ್ಲ. ಡೀಸೆಲ್ ಉಳೀತದ, ಸಪ್ಪಳ ಕಡಿಮಿ ಆಗ್ತದ ಅಂತ ಬಿಚ್ಚಿ ಮೂಲ್ಯಾಗ ಒಗದಿರ್ತಾರ, ಮುಂದೊಂದು ದಿನ ಗುಜರಿಗೆ ಹಾಕ್ತಾರ. ಎರಡೂ ಮಾತು ಖರೇನೇ. ಹಿಂದಿನ ಗಾಲಿ ಮಾತ್ರ ಎಳಿಯುವಾಗಲೂ ಮುಂದಿನ ಗಾಲಿ ತಿರುಗಿ ಆ ಶಾಫ್ಟನ್ನ ಸುಮ್ಮನ ತಿರುಗಿಸ್ತಿರ್ತಾವ. ಅದಕ್ಕ ಮದ್ದು ಬಿಚ್ಚೋದಲ್ಲ, ಮುಂದಿನ ಗಾಲಿಗೆ ಫ್ರೀ ವೀಲ್ ಹಬ್ ಹಾಕೋದು. ರಾಡಿಗೆ ಇಳಿಯೋ ಮೊದಲು ಕೈಲಿ ತಿರುವಿ ಲಾಕ್ ಮಾಡ್ರಿ, ರಸ್ತೆಗೆ ಬಂದ ಮ್ಯಾಲೆ ಬಿಡ್ರಿ. ಒಣ ಡಾಂಬರಿನಾಗ ನಾಕೂ ಗಾಲಿ ಜೋಡಿಸಿ ಓಡಿಸಬಾರದು. ತಿರುವಿನಾಗ ಮುಂದಿನ ಗಾಲಿ ಹೆಚ್ಚು ದೂರ ಹೋಗಬೇಕು, ಆ ಎಳೆದಾಟ ಎಲ್ಲಾ ಗೇರಿನ ಮ್ಯಾಲೆ ಬೀಳ್ತದ.

ಇಂಜಿನ್ ಬದಲಿ ಮಾಡೋರಿಗೆ ಇನ್ನೊಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಮೊದಲು ಆರ್‌ಟಿಓ ಒಪ್ಪಿಗೆ ಬೇಕು, ಆರ್‌ಸಿಯಾಗ ಬರೆಸಬೇಕು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಹ ಕಂಪನಿ ಮಾಡಿದ ಮೂಲ ರೂಪ ಬದಲಿಸುವಂತಿಲ್ಲ ಅಂತ ಬಿಗಿಯಾಗಿ ಹೇಳ್ಯಾದ. ಚಾಸಿ ಕೊಯ್ದು ಉದ್ದ ಮಾಡೋದು, ದೊಡ್ಡ ಟೈರಿಗಾಗಿ ಎತ್ತರಿಸೋದು ನಮಗ ಬೇಕಾಗಿಲ್ಲ. ಹೊಲಕ್ಕ ಬೇಕಾದದ್ದು ಮೊದಲಿನ ಕಂಪನಿಯವರೇ ಕೊಟ್ಟಾರ. ಕಳಿಯದೇ ಇಟ್ಟುಕೊಂಡ್ರ ಸಾಕು.

ಟ್ರ್ಯಾಕ್ಟರ್ ಮತ್ತು ಜೀಪು ಎರಡನ್ನೂ ಬಲ್ಲ ಹಳೆ ಮಿಸ್ತ್ರಿಗಳಿಗೆ ವಯಸ್ಸಾಗ್ಯಾದ. ಅವರು ಇರೋದ್ರೊಳಗ ಮಕ್ಕಳನ್ನ ಪಾನಾ ಹಿಡಿಸಿ ಪಕ್ಕಕ್ಕ ನಿಲ್ಲಿಸ್ರಿ. ಮನಿಯಾಗ ಹಳೆ ಜೀಪು ನಿಂತಿದ್ರ ಮಾರೋ ಮಾತು ಆಡೋಕಿಂತ ಮೊದಲು ಒಮ್ಮೆ ಕೆಳಗ ಬಗ್ಗಿ ನೋಡ್ರಿ. ಮುಂದಿನ ಶಾಫ್ಟ್ ಅದ ಏನು? ಇಲ್ಲಂದ್ರ ಹಗೇವಿನ ಹಿಂದ, ಕೊಟ್ಟಿಗಿ ಅಟ್ಟದ ಮ್ಯಾಲ ಹುಡುಕ್ರಿ. ಸಿಕ್ಕರ ತುಕ್ಕು ಉಜ್ಜಿ ಗ್ರೀಸ್ ಹಚ್ಚಿ ಇಡ್ರಿ.